ಕೌಲ ಕೇಳಿ ಬಿಚ್ಚಿದ ಎಂಜಿನ್

ಕದ್ವಾಡ
೨೮ ಮೇ ೨೦೨೪, ಮಂಗಳವಾರ

ಚಿರಂಜೀವಿ ತಮ್ಮ ಮಾದೇವನಿಗೆ,

ವೈಜಕ್ಕನ ಆಶೀರ್ವಾದಗಳು. ಹೇಗಿದ್ದೀ? ದುರ್ಗಾಳ ಮೊಣಕಾಲು ಬೆಳಗಾವಿಯ ಹವೆಗೆ ಏನು ಹೇಳುತ್ತದೆ? ಮಹಡಿಯ ಮೇಲಿನ ಮನೆಯಂತೆ, ಅವಳನ್ನು ಸುಮ್ಮಸುಮ್ಮನೆ ಹತ್ತಿಸಿ ಇಳಿಸಬೇಡ. ಮಗಳು ರಂಜನಾಳ ಸೊಂಟಕ್ಕೆ ಎಣ್ಣೆ ತಿಕ್ಕುವವರು ಯಾರಾದರೂ ಸಿಕ್ಕರೋ, ಅಥವಾ ಆ ಊರಿನಲ್ಲಿ ಬಾಣಂತಿಗೂ ಗುಳಿಗೆಯೇ ಗತಿಯೋ? ಅಳಿಯ ಕಿಶನನ ಕೆಮ್ಮು ಹೋಯಿತೇ? ಕೂಸು ಹಾಲು ಕಕ್ಕುವುದು ನಿಂತಿತೇ? ಇಲ್ಲಿ ನಿನ್ನ ಮಗ ಸಂದೀಪ, ಸೊಸೆ ರಕ್ಷಿತಾ ಇಬ್ಬರೂ ಗಟ್ಟಿಯಾಗಿದ್ದಾರೆ. ನನ್ನ ರಕ್ತದೊತ್ತಡದ ಗುಳಿಗೆ ತಪ್ಪಿಲ್ಲ. ಈ ಪತ್ರ ಓದಿ ಮುಗಿಸುವಾಗ ಅದು ನಿನಗೇ ಬೇಕಾದೀತು.

ಬರೆಯುವುದು ತಡವಾಯಿತು, ಕ್ಷಮಿಸು. ನೀನು ಫೋನ್ ಮಾಡಿದ್ದೂ ಗೊತ್ತು, ಎತ್ತದೆ ಇದ್ದದ್ದೂ ಬೇಕೆಂದೇ. ಫೋನಿನಲ್ಲಿ ಮಾತು ಬಿಸಿಯಾಯಿತೆಂದರೆ ನಿನಗೆ ಕೂಡಲೇ ಕಿವಿ ಕೇಳುವುದಿಲ್ಲ, ಟವರ್ ಸಿಗುವುದಿಲ್ಲ. ಕಾಗದಕ್ಕೆ ಟವರ್ ಬೇಡ. ಮೊದಲು ಬರೆದದ್ದನ್ನು ಒಲೆಗೆ ಹಾಕಿದೆ, ಅದರಲ್ಲಿ ಬೈಗುಳ ಬಿಟ್ಟು ಬೇರೆ ಸುದ್ದಿಯೇ ಇರಲಿಲ್ಲ. ಇದರಲ್ಲಿ ಸುದ್ದಿಯೂ ಇದೆ.

ನೀವು ಬೆಳಗಾವಿಗೆ ಹೊರಟ ವಾರ ನಾನು ಪ್ರತಿವರ್ಷದಂತೆ ಅಂಕೋಲೆಗೆ, ನಮ್ಮ ಹಾಲಕ್ಕಿ ಕಮಲಿಯ ಮನೆಗೆ ಹೋಗಿದ್ದೆ. ಇಶಾಡ ಮಾವಿನ ರಸ ಕಾಯಿಸಿ ಬಾಟ್ಲಿಗೆ ತುಂಬುವ ಕೆಲಸ. ನನ್ನ ಮೂರು ಚಕ್ರದ ಗಾಡಿ ಕುರ್ಲಿಯಲ್ಲೇ ಹೋಗುತ್ತೇನೆಂದರೆ ಸಂದೀಪ ಬೇಡವೆಂದ. ಗೋವೆಯಲ್ಲಿ ಹಳೇ ಗಾಡಿಗಳ ಪ್ರದರ್ಶನವಿದೆ, ತೊಳೆದು ಪಾಲಿಶ್ ಮಾಡಿಸುತ್ತೇನೆ, ನೀನು ಬಸ್ಸಿನಲ್ಲಿ ಹೋಗಿ ಬಾ ಅತ್ತೆ ಅಂದ. ನನಗೆ ಖುಷಿಯೇ ಆಯಿತು. ಆ ಗಾಡಿಯನ್ನು ನಮ್ಮವರಲ್ಲದೆ ನಾಲ್ಕು ಜನ ನೋಡಲಿ ಎಂಬ ಆಸೆ ನನಗೂ ಇತ್ತು. ಅರ್ಗಾ ದಾಟುವಾಗ ಬಸ್ಸಿನ ಕಿಟಕಿಯಲ್ಲಿ ನೌಕಾನೆಲೆಯ ಗೋಡೆ ನೋಡುತ್ತ, ಕುರ್ಲಿಯ ಮುಂದಿನ ಎರಡು ಚಕ್ರಕ್ಕೆ ಬೆಳ್ಳಿ ಬಣ್ಣ ಒಳ್ಳೆಯದೋ ಕೆಂಪೋ ಎಂದು ಯೋಚಿಸಿದವಳು ನಾನು.

ರಸದ ಬಾಟ್ಲಿ ಹೊತ್ತು ತಿರುಗಿ ಬಂದು ನೋಡಿದರೆ ಅಪ್ಪನ ಹಳೇ ಅಕ್ಕಿ ಗಿರಣಿಯ ಬಾಗಿಲು ತೆರೆದಿತ್ತು. ಕುರ್ಲಿ ಒಳಗೆ ಫಳಫಳ ಹೊಳೆಯುತ್ತಿತ್ತು. ನಾನು ಕೂರಿಸಿದ ಎಂಜಿನ್ ಹೊರಗೆ, ತೆಂಗಿನ ಬುಡದಲ್ಲಿ, ಗೋಣಿಯ ಮೇಲೆ. ಅದರ ಮೇಲೆ ಕೋಳಿ ಕೂತಿತ್ತು. ಗಾಡಿಯ ಹೊಟ್ಟೆಯಲ್ಲಿ ಆ ಹಳೇ ಸತ್ತ ಎಂಜಿನ್. ಅದರ ಕವಚದ ಬಿರುಕಿಗೆ ಎಂಥದೋ ಲಪ್ಪ ಮೆತ್ತಿ, ಮೇಲಿಂದ ಬಣ್ಣ ಬಳಿದು, ಹೆಣಕ್ಕೆ ಪೌಡರ್ ಹಾಕಿದ ಹಾಗೆ ಕೂರಿಸಿದ್ದರು.

ಸಂದೀಪ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದ. ಇದೇನು ಎಂದು ಕೇಳಿದೆ. ಪ್ರದರ್ಶನದಲ್ಲಿ ಹುಟ್ಟಿನ ಎಂಜಿನ್ ಇದ್ದ ಗಾಡಿಗೆ ಮಾತ್ರ ಜಾಗವಂತೆ, ಅವನು ಕೆಲಸ ಮಾಡುವ ಹೋಟೆಲಿನ ಯಜಮಾನರೇ ಅದನ್ನು ನಡೆಸುವವರಂತೆ. ನನ್ನನ್ನು ಯಾಕೆ ಕೇಳಲಿಲ್ಲ ಎಂದೆ. ಅದಕ್ಕೆ ಅವನು ಲೋಟ ಕೆಳಗಿಡದೆ ಹೇಳಿದ ಮಾತು ಇದು:

"ಅತ್ತೆ, ನನ್ನ ಮೇಲೆ ಸಿಟ್ಟು ಮಾಡ್ಕಳಬೇಡ. ಅಪ್ಪ ದೇವೀ ಹತ್ರ ಕೌಲ ಕೇಳೇ ತೆಗೆಯೂಕೆ ಹೇಳದ್ದು. ಎಸಳು ಬಲಕ್ಕೆ ಬಿದ್ದದೆ."

ಮಾದೇವಾ, ನಾನು ದೇವಿಗೆ ಎದುರಾಡುವವಳಲ್ಲ. ಮೂರ್ತಿಯ ಎರಡೂ ಬದಿಗೆ ಹೂವಿನ ಎಸಳು ಅಂಟಿಸಿ, ಮನಸ್ಸಿನ ಪ್ರಶ್ನೆ ಹೇಳಿಸಿ, ಬಲಗಡೆಯದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ ಎಂದು ನಡೆದ ಮನೆ ನಮ್ಮದು. ಅಪ್ಪ ಬಾವಿ ತೋಡಿಸಿದ್ದು ಹಾಗೆ, ನಿನಗೆ ದುರ್ಗಾಳನ್ನು ತಂದದ್ದು ಹಾಗೆ. ಆದರೆ ಕೌಲ ಕೇಳುವುದು ಮನುಷ್ಯರಿಂದ ತಿಳಿಯಲಾಗದ ಮಾತಿಗೆ. ಬಾವಿಯಲ್ಲಿ ನೀರು ಬರುತ್ತದೋ ಇಲ್ಲವೋ, ಅದು ದೇವಿಗೇ ಗೊತ್ತು. ನನ್ನ ಎಂಜಿನ್ ಬಿಚ್ಚಬಹುದೋ ಇಲ್ಲವೋ ಎಂಬುದು ನನಗೆ ಗೊತ್ತಿತ್ತು. ನಾನು ಬಸ್ಸಿನಲ್ಲಿ ಒಂದು ತಾಸಿನ ದೂರದಲ್ಲಿ ಮಾವಿನ ಗೊರಟೆ ತಿಕ್ಕುತ್ತ ಕೂತಿದ್ದೆ. ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಅಪ್ಪಣೆ ಕೇಳಲೆಂದು ಗೋವೆಯ ಗಡಿ ದಾಟಿ ಕುಲದೇವಿಯ ಗುಡಿಗೆ ಹೋದವನು, ಬಂದದ್ದು ಬಂದೆ ಇದನ್ನೂ ಕೇಳಿಬಿಡುವಾ ಎಂದು ಕೇಳಿದೆಯಂತೆ. ಬಜಾರಿಗೆ ಹೋದವ ಉಪ್ಪಿನ ಜೊತೆ ಬೆಂಕಿಪೆಟ್ಟಿಗೆಯನ್ನೂ ತಂದ ಹಾಗೆ.

ಮತ್ತೆ ಕೇಳಿದ್ದಾದರೂ ಏನು? "ಮನೆಯ ಗಾಡಿಗೆ ಅದರ ಹುಟ್ಟಿನ ಎಂಜಿನ್ ಕೂರಿಸಲು ಅಪ್ಪಣೆಯೇ?" ಎಂದು. ಸಂದೀಪನೇ ಹೇಳಿದ. ಅಂಥ ಸಾಧು ಪ್ರಶ್ನೆಗೆ ಯಾವ ದೇವಿ ಬೇಡವೆಂದಾಳು? ಓಡುವುದನ್ನು ತೆಗೆದು ಸತ್ತದ್ದನ್ನು ಹಾಕಲೇ ಎಂದು ಕೇಳಬೇಕಿತ್ತು, ಎಸಳು ಎಡಕ್ಕಲ್ಲ, ನಿನ್ನ ಕೆನ್ನೆಗೇ ಬಂದು ಬೀಳುತ್ತಿತ್ತು.

ಹುಟ್ಟಿನ ಎಂಜಿನ್ ಅಂತೆ. ಆ ಗಾಡಿಯ ಹುಟ್ಟು ನಿನಗೇನು ಗೊತ್ತು? ಅಪ್ಪ ಅದನ್ನು ಕಾಣಕೋಣದಿಂದ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಾಗ ನೀನು ಚಡ್ಡಿ ಹಾಕದೆ ತಿರುಗುತ್ತಿದ್ದೆ. ಪೋರ್ಚುಗೀಸರ ಕಾಲದಲ್ಲಿ ಅಲ್ಲಿಯ ಯಾವನೋ ಜಮೀನ್ದಾರ ಹಡಗಿನಲ್ಲಿ ಫ್ರಾನ್ಸಿನಿಂದ ತರಿಸಿದ್ದು, ಅವರೆಲ್ಲ ಬಿಟ್ಟುಹೋದ ಮೇಲೆ ತೆಂಗಿನಕಾಯಿ ಕೊಟ್ಟಿಗೆಯಲ್ಲಿ ಗೆದ್ದಲು ಹಿಡಿದು ಬಿದ್ದಿತ್ತು. ಅಪ್ಪನಿಗೆ ಬೇಕಾದದ್ದು ಅದರ ಚಕ್ರ ಮಾತ್ರ, ಭತ್ತದ ಕೈಗಾಡಿಗೆ. ಮುಂದೆ ಎರಡು ಚಕ್ರ, ಹಿಂದೆ ಒಂದು, ನಡುವೆ ದೋಣಿಯಂಥ ತಗಡಿನ ಮೈ, ಹೊರಕ್ಕೆ ಚಾಚಿದ ಎರಡು ದೀಪದ ಕಣ್ಣು. ಏಡಿಯ ಹಾಗೆ ಕಾಣುತ್ತದೆಂದು ನಾನೇ ಕುರ್ಲಿ ಎಂದು ಕರೆದೆ. ಚಕ್ರ ಬಿಚ್ಚಲು ಬಿಡಲಿಲ್ಲ.

ಅಂಕೋಲೆಯ ಗಂಡನ ಮನೆಯಿಂದ ನಾನು ಎದ್ದು ಬಂದಾಗ ಅಪ್ಪ ಒಂದೂ ಮಾತು ಕೇಳಲಿಲ್ಲ. ಗಿರಣಿಯಲ್ಲಿ ಕೂತುಕೋ ಎಂದ. ಕೂತವಳಿಗೆ ಆ ಡೀಸೆಲ್ ಎಂಜಿನ್ನೇ ಶಾಲೆಯಾಯಿತು. ನಾಲ್ಕನೇ ಇಯತ್ತೆ ಓದಿದವಳು ನಾನು, ಪಿಸ್ಟನ್ ರಿಂಗ್ ಬದಲಿಸುವುದನ್ನು ಯಾರೂ ಕಲಿಸಲಿಲ್ಲ. ಬಿಚ್ಚಿದೆ, ಸೀರೆಯ ಮೇಲೆ ಸಾಲಾಗಿ ಜೋಡಿಸಿದೆ, ತಿರುಗಾ ಹಾಕಿದೆ, ಉಳಿದ ಬೋಲ್ಟು ಎಲ್ಲಿಯದೆಂದು ಅತ್ತೆ, ಮತ್ತೆ ಬಿಚ್ಚಿದೆ. ಈಗ ರಕ್ಷಿತಾ ಫೋನಿನಲ್ಲಿ ಇಂಗ್ಲೆಂಡಿನ, ಜರ್ಮನಿಯ ಮುದುಕರ ವಿಡಿಯೋ ಹಾಕಿಕೊಡುತ್ತಾಳೆ. ನನ್ನ ಹಾಗೇ ಗ್ರೀಸ್ ಮೆತ್ತಿಕೊಂಡು ಇಂಥದೇ ಮೂರು ಚಕ್ರದ ಗಾಡಿ ರಿಪೇರಿ ಮಾಡುವವರು. ಮಾತು ತಿಳಿಯುವುದಿಲ್ಲ, ಕೈ ತಿಳಿಯುತ್ತದೆ.

ಅದರಿಂದ ನಾನು ತಿಳಿದದ್ದು ಕೇಳು. ನೂರು ವರ್ಷದ ಹಿಂದೆ ಅಲ್ಲಿ ಕಾರು ಕೊಳ್ಳಲಾರದವರು ಮೋಟಾರ್ ಸೈಕಲ್ಲಿನ ಎಂಜಿನ್, ಸೈಕಲ್ಲಿನಂಥ ಚಕ್ರ, ಮರದ ಹಲಗೆ, ಚರ್ಮದ ಬೆಲ್ಟು ಸೇರಿಸಿ ಮಾಡಿಕೊಂಡ ಗಾಡಿ ಇದು. ಸೈಕಲ್‌ಕಾರು ಎಂದೇ ಅದರ ಹೆಸರು. ಆ ಗಾಡಿಗಳ ಕುಲವೇ ಎರವಲು ಕುಲ. ಇಂದು ಈ ಎಂಜಿನ್, ಅದು ಸುಟ್ಟರೆ ಪಕ್ಕದ ಮನೆಯ ಇನ್ನೊಂದು. ಯಾರ ಕೈಗೆ ಏನು ಸಿಕ್ಕಿತೋ ಅದನ್ನು ಕೂರಿಸಿ ಓಡಿಸುತ್ತಿದ್ದರು. ಓಡಿದ್ದೇ ಅದರ ಹುಟ್ಟು. ಅದಕ್ಕೆ ಕುಲಗೋತ್ರ ಹುಡುಕಿದವರು ಓಡಿಸಿದವರಲ್ಲ, ಆಮೇಲೆ ಬಂದು ಹುಲ್ಲಿನ ಮೇಲೆ ನಿಲ್ಲಿಸಿದವರು.

ನಾನು ಹಾಕಿದ್ದು ಆಟೋ ರಿಕ್ಷಾದ ಎಂಜಿನ್. ಹೌದು, ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಗುಡುಗುಡು ಅನ್ನುವಂಥದೇ. ರಿಕ್ಷಾಕ್ಕೆ ಹಿಂದೆ ಎರಡು ಚಕ್ರ, ಕುರ್ಲಿಗೆ ಒಂದು. ಎರಡೂ ಕಡೆ ಹೋಗುವ ಬಲವನ್ನು ಒಂದೇ ಕಡೆ ತಿರುಗಿಸಿ, ಅಲ್ಲಿ ಹಲ್ಲಿನ ಚಕ್ರ ಕೂರಿಸಿ, ಚೈನ್ ಎಳೆದು, ಚೈನ್ ಕಳಚದ ಹಾಗೆ ಮಾಡಲು ಒಂದು ಮಳೆಗಾಲ ಪೂರಾ ಹೋಯಿತು. ಹುಟ್ಟಿನ ಎಂಜಿನ್ನಿಗೆ, ಬಿರುಕು ಬಿಡುವ ಮೊದಲು ಓಡುತ್ತಿದ್ದಾಗಲೂ, ಹಿಂದಕ್ಕೆ ಹೋಗಲು ಬರುತ್ತಿರಲಿಲ್ಲ. ಇಳಿದು ಬಾಲ ಎತ್ತಿ ತಿರುಗಿಸಬೇಕಿತ್ತು, ನೆನಪಿದೆಯಲ್ಲ? ನನ್ನದಕ್ಕೆ ರಿವರ್ಸ್ ಇದೆ. ಕೂತಲ್ಲಿಂದಲೇ ಕೈಯಲ್ಲಿ ಎಳೆದು ಸ್ಟಾರ್ಟ್ ಮಾಡಬಹುದು. ಎಪ್ಪತ್ತು ದಾಟಿದ ಕಾಲು ಒದೆಯಬೇಕಾಗಿಲ್ಲ. ಪ್ರತಿ ಆದಿತ್ಯವಾರ ಕಮಲಿಯ ಬಸಳೆ, ಹರಿವೆ, ಸೌತೆಕಾಯಿಯ ಬುಟ್ಟಿ ಹೇರಿಕೊಂಡು ಕಾರವಾರದ ಸಂತೆಗೆ ಹೋಗಿ ಬರುವುದು ಅದರಲ್ಲೇ. ಅದು ನನ್ನ ಕಾಲು, ಮಾದೇವಾ. ನೀನು ಗುಡಿಯಲ್ಲಿ ನಿಂತು ಅಪ್ಪಣೆ ಕೇಳಿದ್ದು ನನ್ನ ಕಾಲು ತೆಗೆಯಲು.

ಆದರೂ ನಾನು ಸುಮ್ಮನಿದ್ದೆ, ದೇವಿಯ ಹೆಸರು ಬಂತಲ್ಲ ಎಂದು. ಪ್ರದರ್ಶನಕ್ಕೂ ಹೋದೆ. ಕುರ್ಲಿಯನ್ನು ಟೆಂಪೋದಲ್ಲಿ ಹೇರಿದರು. ಅಲ್ಲಿ ಇಳಿಸಿ, ನಾಲ್ಕು ಗಂಡಸರು ಕುಂಡೆಗೆ ಕೈ ಕೊಟ್ಟು ದೂಡಿ ಹುಲ್ಲಿನ ಮೇಲೆ ನಿಲ್ಲಿಸಿದರು. ಸಂದೀಪ ಹೊಸ ಕೋಟು ಹಾಕಿ ಪಕ್ಕದಲ್ಲಿ ನಿಂತ. ನಾನು ಮರದ ನೆರಳಿನಲ್ಲಿ ಕುರ್ಚಿ ಹಿಡಿದು ಕೂತೆ. ಯಾರೋ ಪಣಜಿಯ ಕಡೆಯ ಹೆಂಗಸು, ಗಾಡಿಯ ಸುತ್ತ ಎರಡು ಸುತ್ತು ಬಂದು, ಇದು ಓಡ್ತದಾ ಎಂದು ಕೇಳಿದಳು.

"ಇದು ಒರಿಜಿನಲ್ ಮೇಡಂ," ಎಂದ ನಿನ್ನ ಮಗ.

"ಅದಲ್ಲ, ಓಡ್ತದಾ?"

"ಪೂರಾ ಒರಿಜಿನಲ್."

ಆ ಹೆಂಗಸು ನನ್ನ ಕಡೆ ನೋಡಿ ನಕ್ಕಳು. ಮದುಮಗನ ಬಗ್ಗೆ ಕೇಳಿದರೆ ಬರೀ ಮನೆತನದ ಹೆಸರು ಹೇಳುವ ಮದುವೆ ದಲ್ಲಾಳಿಯ ಹಾಗೆ ಕಂಡ ನನಗೆ ಅವನು. ಉಳಿದ ಗಾಡಿಗಳೆಲ್ಲ ಸಂಜೆ ಹೊಗೆಯುಗುಳುತ್ತ ಸಮುದ್ರದ ದಂಡೆಯವರೆಗೆ ಒಂದು ಸುತ್ತು ಹೋಗಿಬಂದವು. ಅದೆಂಥ ಸದ್ದು, ಅದೆಂಥ ಗಮ್ಮತ್ತು. ಒಬ್ಬ ಮುದುಕ ತನ್ನ ಮೊಟ್ಟೆಯಾಕಾರದ ಪುಟ್ಟ ಜರ್ಮನ್ ಗಾಡಿಯ ಮುಂಬಾಗಿಲು ತೆರೆದು, ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ನಮ್ಮ ಕುರ್ಲಿ ಅಲ್ಲೇ ಕೂತಿತ್ತು. ಅದಕ್ಕೆ ಒಂದು ಕಪ್ ಬಂತು. ಹಾಲ್‌ನಲ್ಲಿ ಟಿವಿಯ ಮೇಲಿದೆ, ನೀನು ಬಂದಾಗ ನೋಡಿ ಸಂತೋಷಪಡು.

ಸಂದೀಪನ ಮೇಲೆ ನನಗೆ ದ್ವೇಷವಿಲ್ಲ. ಅವನು ದಿನಾ ಆ ಹೋಟೆಲಿನಲ್ಲಿ ಬೇರೆಯವರ ಪೆಟ್ಟಿಗೆ ಎತ್ತುವವನು. ಅವತ್ತು ಒಂದು ದಿನ ಯಜಮಾನರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಅದರ ಆಸೆ ನನಗೆ ಅರ್ಥವಾಗುತ್ತದೆ. ಪ್ರದರ್ಶನ ಮುಗಿದ ಮೇಲೆ ಎಂಜಿನ್ ಬದಲಿಸೋಣ ಎಂದಿದ್ದರೆ ನಾನು ಅಷ್ಟಕ್ಕೇ ಬಿಡುತ್ತಿದ್ದೆ. ಅವನು ಇನ್ನು ಬದಲಿಸುವ ಹಾಗಿಲ್ಲ ಎಂದ. ಮುಂದಿನ ವರ್ಷವೂ ಒಯ್ಯಬೇಕಂತೆ, ಅಲ್ಲಿಯ ತನಕ ಗಾಡಿಗೆ ಹೊದಿಕೆ ಹೊದಿಸಿಡಬೇಕಂತೆ. ರಿಕ್ಷಾ ಎಂಜಿನ್ನನ್ನು ಗುಜರಿಗೆ ಹಾಕುವಾ ಅತ್ತೆ, ಸಂತೆಗೆ ನಿನಗೆ ರಿಕ್ಷಾ ಹೇಳ್ತೆ ಎಂದ.

ಶನಿವಾರ ಕಮಲಿ ಎಂದಿನಂತೆ ಬುಟ್ಟಿ ಹೊತ್ತು ಬಂದಳು. ಬಸ್ಸಿನವನು ಬುಟ್ಟಿಗೆ ಬೇರೆ ಟಿಕೆಟ್ ಕೇಳಿದ್ದಕ್ಕೆ ಅವನಿಗೆ ಸರಿಯಾಗಿ ಬೈದು ಬಂದಿದ್ದಳು, ಬಿಸಿಯಾಗಿಯೇ ಇದ್ದಳು. ತೆಂಗಿನ ಬುಡದ ಎಂಜಿನ್ ನೋಡಿ ಸೊಂಟಕ್ಕೆ ಕೈ ಇಟ್ಟು ನಿಂತಳು. ನಾನು ಕೌಲದ ಕತೆ ಹೇಳಿದೆ. ಅವಳು ಕವಳ ಉಗುಳಿ ಬಂದು ಹೇಳಿದಳು:

"ದೇವ್ರಿಗೆ ಹೂಂಗು ಗುತ್ತು, ಕುಂಕ್ಮ ಗುತ್ತು. ಇಂಜಿನ್ ಎಂತಾ ಗುತ್ತು ವೈಜಕ್ಕ? ನಿನ್ನ ಕೇಳೂಕೆ ಹೆದ್ರಿಕೆ, ಅದ್ಕೇ ದೇವ್ರ ಕೇಳೀರು. ದೇವ್ರು ತಿರ್ಗಿ ಬಯ್ಯೂದಿಲ್ಲ ನೋಡು."

ನಾನು ನಕ್ಕೆ. ನಕ್ಕದ್ದೇ ತಡ, ಕೈಗೆ ಬಲ ಬಂತು. ಗಿರಣಿಯ ತೊಲೆಗೆ ಹಳೇ ಚೈನ್‌ಪುಲ್ಲಿ ಇನ್ನೂ ನೇತಾಡುತ್ತದೆ. ಸತ್ತ ಎಂಜಿನ್ನಿನ ಬೋಲ್ಟು ನಾನು ಬಿಚ್ಚಿದೆ, ಕಮಲಿ ಚೈನ್ ಎಳೆದಳು. ಇಬ್ಬರು ಮುದುಕಿಯರು, ಒಬ್ಬಳಿಗೆ ಕಣ್ಣು ಮಂಜು, ಒಬ್ಬಳಿಗೆ ಸೊಂಟ ನೋವು. ನನ್ನ ಎಂಜಿನ್ನಿನ ಮೇಲಿನ ಕೋಳಿಹಿಕ್ಕೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಎತ್ತಿ ಇಳಿಸುವಾಗ ಅದು ತನ್ನ ಜಾಗಕ್ಕೆ ಕಟ್ ಎಂದು ಕೂತಿತು. ಯಾವ ತಗಡೂ ತಡೆಯಲಿಲ್ಲ. ರಕ್ಷಿತಾ ದೀಪ ಹಿಡಿದು ನಿಂತಿದ್ದಳು, ಅವಳನ್ನು ಬೈಯಬೇಡ, ನಾನೇ ಕರೆದದ್ದು.

ಸಂದೀಪ ಕೆಲಸ ಮುಗಿಸಿ ಬಂದವನು ಬಾಗಿಲಲ್ಲಿ ನಿಂತ. ಅವನ ಮುಖ ಬಿಳುಚಿತು, ಅದು ಸಿಟ್ಟಲ್ಲ, ಭಯ.

"ಅತ್ತೆ, ದೇವೀ ಅಪ್ಪಣೆ ಮೀರ್ತೆಯಾ? ರಂಜನಾಂಗೆ ಸಣ್ಣ ಕೂಸಿದೆ."

ನೋಡು, ಅದು ನನ್ನನ್ನು ಚುಚ್ಚಿತು. ಕೂಸಿನ ಮೇಲೆ ಆಣೆ ಹಾಕಿದ ಹಾಗೆ. ನಾನು ಸ್ಪ್ಯಾನರ್ ಕೆಳಗಿಟ್ಟು, ಕೂಸಿಗೆ ಏನೂ ಆಗೂದಿಲ್ಲ, ದೇವಿ ಹತ್ರ ನಾನೇ ಮಾತಾಡ್ತೆ, ನೀ ಊಟ ಮಾಡು ಎಂದೆ. ಅವನು ಊಟ ಮಾಡದೆ ಮಲಗಿದ.

ಆದಿತ್ಯವಾರ ಬೆಳಿಗ್ಗೆ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಕದ್ವಾಡದ ತಿರುವಿನಲ್ಲಿ ಹುಡುಗಿಯರು ಕೂಗಿದರು, ಕುರ್ಲಿ ಬಂತು ಎಂದು. ಸಂತೆಯಲ್ಲಿ ಕಮಲಿಯ ಹರಿವೆ ಬೇಗ ಖಾಲಿಯಾಯಿತು. ಆಮೇಲೆ ಕಾಳಿ ಸೇತುವೆ ದಾಟಿ ಮಾಜಾಳಿಯ ಕಡೆ ಒಂದು ಸುತ್ತು ಹೋಗಿಬಂದೆವು, ಎಂಜಿನ್ ಬಿಸಿಯಾಗುತ್ತದೋ ನೋಡುವಾ ಎಂದು. ಆಗಲಿಲ್ಲ. ಚೈನ್ ತುಸು ಸಡಿಲ ಹೊಡೆಯುತ್ತದೆ, ಬಿಗಿ ಮಾಡಬೇಕು.

ಹಾಗಾಗಿ ತಿಳಿದಿರಲಿ, ಕುರ್ಲಿಯಲ್ಲಿ ಈಗ ನನ್ನ ಎಂಜಿನ್ನೇ ಇದೆ, ಮುಂದೆಯೂ ಇರುತ್ತದೆ. ಹಳೆಯದನ್ನು ಒರೆಸಿ ಎಣ್ಣೆ ಹಚ್ಚಿ ಮೂಲೆಯಲ್ಲಿಟ್ಟಿದ್ದೇನೆ, ನಾನು ಯಾವುದನ್ನೂ ಗುಜರಿಗೆ ಹಾಕುವವಳಲ್ಲ. ಇನ್ನೊಮ್ಮೆ ನನ್ನದನ್ನು ಬಿಚ್ಚಬೇಕೆಂದಿದ್ದರೆ, ನನ್ನ ಎದುರು ನಿಂತು ನನ್ನನ್ನು ಕೇಳು. ನಾನು ಬೇಡವೆನ್ನುತ್ತೇನೆ. ಅದು ಎಸಳಿಗಿಂತ ಬೇಗ ತಿಳಿಯುತ್ತದೆ.

ಇಶಾಡದ ರಸ ನಾಲ್ಕು ಬಾಟ್ಲಿ ನಿಮಗೆಂದು ತೆಗೆದಿಟ್ಟಿದ್ದೇನೆ. ರಂಜನಾಳಿಗೆ ಈಗ ಕೊಡಬೇಡ, ಕೂಸಿಗೆ ಹೊಟ್ಟೆ ಕೆಟ್ಟೀತು. ದುರ್ಗಾಳಿಗೆ ಮೊಣಕಾಲಿಗೆ ಕಟ್ಟಲು ಎಕ್ಕದ ಎಲೆ ಸಿಗುವುದಿಲ್ಲವಾದರೆ ತಿಳಿಸು, ಕಳಿಸುತ್ತೇನೆ. ಕೂಸಿನ ಹಣೆಗೆ ನನ್ನ ಪರವಾಗಿ ಒಂದು ಮುತ್ತು. ದೇವಿ ನಿಮ್ಮೆಲ್ಲರ ಬೆನ್ನಿಗಿರಲಿ. ನನ್ನ ಸಿಟ್ಟು ನಿನ್ನ ಮೇಲೆ, ನಿನ್ನ ಆಯುಷ್ಯದ ಮೇಲಲ್ಲ.

ನಿನ್ನ
ವೈಜಕ್ಕ

ತಾ.ಕ.: ಮಾಜಾಳಿಗೆ ಹೋಗಿ ತಿರುಗಿ ಬಂದೆವೆಂದು ಮೇಲೆ ಬರೆದೆ. ತಿರುಗಲಿಲ್ಲ. ಗಡಿಯ ಪೊಲೀಸ್ ಇದು ರಿಕ್ಷಾವೋ ದೋಣಿಯೋ ಎಂದು ನಗುತ್ತ ಬಿಟ್ಟ, ಸೀದಾ ದೇವಿಯ ಗುಡಿಗೇ ಹೋದೆ. ಸಂದೀಪನಿಗೆ ಮಾತು ಕೊಟ್ಟಿದ್ದೆನಲ್ಲ. ಕಮಲಿ ಹೊರಗೆ ಕುರ್ಲಿ ಕಾಯುತ್ತ ಕೂತಳು. ನಾನು ಭಟ್ಟರಿಗೆ, ಕದ್ವಾಡದ ಗಿರಣಿ ಮನೆಯವಳು, ಒಂದು ಕೌಲ ಕೇಳುವುದಿದೆ ಎಂದೆ. ಅವರಿಗೆ ನಿನ್ನ ಗುರುತಿತ್ತು. ಎಸಳು ಅಂಟಿಸಿ, ಕೇಳುವ ಮೊದಲು ಮನೆಯವರ ಹೆಸರೆಲ್ಲ ದೇವಿಗೆ ಹೇಳಿ ಕಾಪಾಡು ತಾಯಿ ಎನ್ನುವ ಗಾರಾಣೆ ಶುರು ಮಾಡಿದರು. ಮಾದೇವ ಹೇಳಿಹೋದ ಹೆಸರುಗಳೇ ಅಲ್ಲವೇ ಎಂದು ಕೇಳಿ, ಒಂದೊಂದಾಗಿ ಹೇಳಿದರು. ಮಾದೇವ. ದುರ್ಗಾ. ಸಂದೀಪ. ರಕ್ಷಿತಾ. ರಂಜನಾ. ಕಿಶನ. ಇನ್ನೂ ಹೆಸರಿಡದ ಕೂಸನ್ನೂ ಬಾಳ ಎಂದು ಹೇಳಿದರು. ಅಲ್ಲಿಗೆ ನಿಲ್ಲಿಸಿ, "ಇನ್ಯಾರಾದ್ರೂ ಇದ್ರಾ ಬಾಯಿ?" ಎಂದರು.

ನನ್ನ ಹೆಸರು ನನ್ನ ಬಾಯಿಂದ ಬರಲಿಲ್ಲ, ಮಾದೇವಾ. ಇಲ್ಲ ಎಂದೆ. ಪ್ರಶ್ನೆ ಕೇಳದೆ ಎದ್ದು ಬಂದೆ. ಎಡಕ್ಕೋ ಬಲಕ್ಕೋ ಎಂದು ಕಮಲಿ ಕೇಳಿದಳು, ಚೈನ್ ಸದ್ದಿಗೆ ಕೇಳಿಸಲಿಲ್ಲ ಎಂದು ಹೇಳಿ ಗಾಡಿ ಬಿಟ್ಟೆ.

ಭಟ್ಟರು ಮರೆತಿರಬೇಕೆಂದು ಮನೆಗೆ ಬಂದು ರಕ್ಷಿತಾಳನ್ನು ಕೇಳಿದೆ. ಅವತ್ತು ಅವಳೂ ನಿಮ್ಮ ಜೊತೆ ಗುಡಿಯಲ್ಲಿದ್ದವಳು. ಪಾಪ, ನೆಲ ನೋಡುತ್ತ, ಮಾವ ಗಡಿಬಿಡಿಯಲ್ಲಿದ್ರು ಅತ್ತೆ ಎಂದಳು. ಕೊಟ್ಟ ಹೆಣ್ಣಿನ ಹೆಸರು ಹುಟ್ಟಿದ ಮನೆಯ ಗಾರಾಣೆಯಲ್ಲಿ ಬರುವುದಿಲ್ಲ ಎಂದು ಬರೆಯಬೇಡ. ರಂಜನಾಳ ಹೆಸರು ಹೇಳಿದ್ದೀ, ಹೇಳಬೇಕಾದದ್ದೇ. ಬೇರೆ ಮನೆಯ ಕಿಶನನ ಹೆಸರೂ ಹೇಳಿದ್ದೀ, ಅದೂ ಸರಿ. ಕ್ಷಮೆ ಕೇಳಿಯೂ ಬರೆಯಬೇಡ. ಮರೆತೆಯೋ, ಬಿಟ್ಟೆಯೋ, ಅದೊಂದೇ ಬರೆ. ಮರೆತಿದ್ದರೆ ಮರೆತೆ ಎಂದು, ಬಿಟ್ಟಿದ್ದರೆ ಬಿಟ್ಟೆ ಎಂದು. ಯಾವುದಾದರೂ ತಡೆದುಕೊಳ್ಳುತ್ತೇನೆ. ಬೇಗ ಬರೆ.